ಬರ ಪರಿಸ್ಥಿತಿಯಲ್ಲಿ ಬೆಳೆಗಳ ಎಲೆ ಬೆಳವಣಿಗೆ ಮತ್ತು ನೀರಿನ ಬಳಕೆ: ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಹಾಗೂ ನಾಗಮಂಗಲ ತಾಲ್ಲೂಕುಗಳ ರೈತರಿಗೆ ಮಾಹಿತಿ

1. ಪೀಠಿಕೆ

ಮಳೆ ಕೈಕೊಟ್ಟಾಗ ಅಥವಾ ನಾಲೆಯಲ್ಲಿ ನೀರು ನಿಂತಾಗ ಬೆಳೆ ಬಾಡುವುದನ್ನು ಎಲ್ಲರೂ ಕಾಣುತ್ತಾರೆ. ಆದರೆ ಬಾಡುವುದಕ್ಕೆ ಹಲವು ದಿನಗಳ ಮೊದಲೇ ಎಲೆಯ ಬೆಳವಣಿಗೆ ಕುಂಠಿತಗೊಂಡಿರುತ್ತದೆ. ಹೊಲ ಹಸಿರಾಗಿಯೇ ಕಾಣುತ್ತಿದ್ದರೂ ಆ ವೇಳೆಗೆ ಇಳುವರಿಯ ಒಂದು ಭಾಗ ನಷ್ಟವಾಗಿರುವ ಸಾಧ್ಯತೆ ಇರುತ್ತದೆ. ಆದ್ದರಿಂದ ತೇವಾಂಶ ಕೊರತೆಯ ಮೊದಲ ಲಕ್ಷಣಗಳನ್ನು ಎಲೆಯಲ್ಲಿಯೇ ಗುರುತಿಸುವುದು, ಲಭ್ಯವಿರುವ ಅಲ್ಪ ನೀರನ್ನು ಸಕಾಲದಲ್ಲಿ ಬಳಸುವುದು ಹಾಗೂ ಬೆಳೆ ನಷ್ಟ ಪರಿಹಾರ ಮತ್ತು ಬೆಳೆ ವಿಮೆಗೆ ಅಗತ್ಯವಾದ ದಾಖಲೆಗಳನ್ನು ಮುಂಚಿತವಾಗಿ ಸರಿಪಡಿಸಿಕೊಳ್ಳುವುದು ಅವಶ್ಯಕ. ಈ ಮೂರು ವಿಷಯಗಳ ಕುರಿತ ಮಾಹಿತಿಯನ್ನು ಮಂಡ್ಯ ಜಿಲ್ಲೆಯ ಪಾಂಡವಪುರ ಉಪವಿಭಾಗಕ್ಕೆ ಸೇರಿದ ನಾಲ್ಕು ತಾಲ್ಲೂಕುಗಳ ಬೆಳೆಗಳಿಗೆ ಅನ್ವಯಿಸಿ ಇಲ್ಲಿ ನೀಡಲಾಗಿದೆ.

2. ನಾಲ್ಕು ತಾಲ್ಲೂಕುಗಳ ನೀರಿನ ಸ್ಥಿತಿ

ಈ ನಾಲ್ಕೂ ತಾಲ್ಲೂಕುಗಳು ರಾಜ್ಯದ ದಕ್ಷಿಣ ಒಣ ವಲಯಕ್ಕೆ ಸೇರಿವೆ. ಜಿಲ್ಲೆಯ ವಾರ್ಷಿಕ ಸರಾಸರಿ ಮಳೆ ಸುಮಾರು 700 ಮಿ.ಮೀ. ಆದರೆ ನೀರಿನ ಮೂಲಗಳು ಒಂದೊಂದು ತಾಲ್ಲೂಕಿನಲ್ಲಿ ಒಂದೊಂದು ಬಗೆಯಾಗಿವೆ.

ಶ್ರೀರಂಗಪಟ್ಟಣ: ಕಾವೇರಿ ನದಿಯ ಹಳೆಯ ಕಟ್ಟೆಗಳಿಂದ ಹೊರಡುವ ಚಿಕ್ಕದೇವರಾಯಸಾಗರ, ವಿರಿಜಾ ಮತ್ತು ಬಂಗಾರದೊಡ್ಡಿ ನಾಲೆಗಳ ಆಸರೆಯಿದೆ. ಭತ್ತ ಮತ್ತು ಕಬ್ಬು ಪ್ರಮುಖ ಬೆಳೆಗಳು.

ಪಾಂಡವಪುರ: ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟು ಒಂದೆಡೆ, ಮೇಲುಕೋಟೆ ಹೋಬಳಿಯ ಮಳೆಯಾಶ್ರಿತ ಹೊಲಗಳು ಇನ್ನೊಂದೆಡೆ ಇವೆ. ಭತ್ತ, ಕಬ್ಬು, ರಾಗಿ ಮತ್ತು ಹಿಪ್ಪುನೇರಳೆಯನ್ನು ಬೆಳೆಯಲಾಗುತ್ತದೆ.

ಕೃಷ್ಣರಾಜಪೇಟೆ: ಹೇಮಾವತಿ ನದಿಯ ಮಂದಗೆರೆ ಮತ್ತು ಹೇಮಗಿರಿ ಅಣೆಕಟ್ಟೆಗಳ ನಾಲೆಗಳಿಂದ ಒಂದು ಭಾಗಕ್ಕೆ ನೀರು ದೊರೆಯುತ್ತದೆ. ಉಳಿದ ಭಾಗ ಕೆರೆ, ಕೊಳವೆಬಾವಿ ಮತ್ತು ಮಳೆಯನ್ನು ಅವಲಂಬಿಸಿದೆ. ಭತ್ತ, ಕಬ್ಬು, ರಾಗಿ, ತೆಂಗು ಮತ್ತು ಹಿಪ್ಪುನೇರಳೆ ಇಲ್ಲಿನ ಬೆಳೆಗಳು.

ನಾಗಮಂಗಲ: ಬಹುಪಾಲು ಖುಷ್ಕಿ ಭೂಮಿ. ಕೆಂಪು ಮರಳುಮಿಶ್ರಿತ ಮಣ್ಣಿನಲ್ಲಿ ರಾಗಿ, ಹುರುಳಿ, ಅವರೆ ಮತ್ತು ಅಲಸಂದೆ ಬೆಳೆಗಳೂ ತೆಂಗಿನ ತೋಟಗಳೂ ಇವೆ.

ಕೃಷ್ಣರಾಜಸಾಗರ ಜಲಾಶಯದ ಗರಿಷ್ಠ ಮಟ್ಟ 124.80 ಅಡಿ. 2016 ಮತ್ತು 2023ರ ಮುಂಗಾರಿನಲ್ಲಿ ಜಲಾಶಯವು ಈ ಮಟ್ಟವನ್ನು ತಲುಪಲಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರವು 195 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿತು. ನಂತರ ಈ ಸಂಖ್ಯೆ 223ಕ್ಕೆ ಏರಿತು. ಜಲಾಶಯ ತುಂಬದ ವರ್ಷಗಳಲ್ಲಿ ಖುಷ್ಕಿ ಹೊಲಗಳಷ್ಟೇ ಅಲ್ಲದೆ ನಾಲೆಯ ಕೊನೆಯ ಭಾಗದ ಗದ್ದೆಗಳೂ ತೇವಾಂಶ ಕೊರತೆಯನ್ನು ಎದುರಿಸಬೇಕಾಗುತ್ತದೆ.

3. ಎಲೆಗೂ ನೀರಿಗೂ ಇರುವ ಸಂಬಂಧ

ಬೇರು ಹೀರಿಕೊಳ್ಳುವ ನೀರಿನಲ್ಲಿ ಶೇ. 95ಕ್ಕೂ ಹೆಚ್ಚಿನ ಭಾಗವು ಎಲೆಗಳ ಮೂಲಕ ಆವಿಯಾಗಿ ಹೊರಹೋಗುತ್ತದೆ. ಇದನ್ನು ಬಾಷ್ಪವಿಸರ್ಜನೆ ಎನ್ನುತ್ತಾರೆ. ಎಲೆಯ ಮೇಲಿರುವ ಅತಿ ಸೂಕ್ಷ್ಮವಾದ ಪತ್ರರಂಧ್ರಗಳು ಇದಕ್ಕೆ ದ್ವಾರಗಳು. ಸಸ್ಯವು ಆಹಾರ ತಯಾರಿಸಲು ಬೇಕಾದ ಇಂಗಾಲದ ಡೈಆಕ್ಸೈಡ್ ಒಳಬರುವುದೂ ಇದೇ ರಂಧ್ರಗಳ ಮೂಲಕವೇ. ಹೀಗಾಗಿ ನೀರನ್ನು ಉಳಿಸಲು ರಂಧ್ರಗಳನ್ನು ಮುಚ್ಚಿದ ಬೆಳೆಯು ಆಹಾರ ತಯಾರಿಕೆಯನ್ನೂ ಕಡಿಮೆ ಮಾಡಿಕೊಳ್ಳಬೇಕಾಗುತ್ತದೆ.

ಹೊಲದಲ್ಲಿ ಎಲೆಯ ಹರವು ಹೆಚ್ಚಿದಂತೆ ನೀರಿನ ಖರ್ಚೂ ಹೆಚ್ಚುತ್ತದೆ. ಪೂರ್ಣವಾಗಿ ಹರಡಿದ ಬೆಳೆಯು ಬಿಸಿಲಿನ ದಿನ ಸುಮಾರು 5 ಮಿ.ಮೀ. ನೀರನ್ನು ಖರ್ಚು ಮಾಡುತ್ತದೆ. ಒಂದು ಎಕರೆಗೆ ಇದು ಸುಮಾರು 20,000 ಲೀಟರ್‌ನಷ್ಟಾಗುತ್ತದೆ.

ರಾಗಿ, ಮುಸುಕಿನ ಜೋಳ ಮತ್ತು ಕಬ್ಬು ಒಂದು ಕಿಲೋ ಒಣ ಪದಾರ್ಥವನ್ನು ತಯಾರಿಸಲು ಭತ್ತ ಹಾಗೂ ದ್ವಿದಳ ಧಾನ್ಯಗಳಿಗಿಂತ ಕಡಿಮೆ ನೀರನ್ನು ಬಳಸುತ್ತವೆ. ಆದರೆ ಕಬ್ಬು ಸುಮಾರು ಒಂದು ವರ್ಷ ಹೊಲದಲ್ಲಿರುವುದರಿಂದ ಅದರ ಒಟ್ಟು ನೀರಿನ ಅವಶ್ಯಕತೆ 1,500 ರಿಂದ 2,500 ಮಿ.ಮೀ.ವರೆಗೆ ಇರುತ್ತದೆ. ಕೆಸರು ಗದ್ದೆಯ ಭತ್ತಕ್ಕೆ ಸುಮಾರು 1,200 ಮಿ.ಮೀ. ನೀರು ಬೇಕಾಗುತ್ತದೆ. ರಾಗಿಗೆ 350 ರಿಂದ 450 ಮಿ.ಮೀ. ಸಾಕು.

4. ತೇವಾಂಶ ಕೊರತೆಯ ಲಕ್ಷಣಗಳು ಕಾಣಿಸಿಕೊಳ್ಳುವ ಕ್ರಮ

ತೇವಾಂಶ ಕೊರತೆಯ ಪರಿಣಾಮಗಳು ಸಾಮಾನ್ಯವಾಗಿ ಈ ಕೆಳಕಂಡ ಕ್ರಮದಲ್ಲಿ ಕಂಡುಬರುತ್ತವೆ.

(ಅ) ಎಲೆಯ ಬೆಳವಣಿಗೆ ನಿಧಾನವಾಗುವುದು: ಎಲೆಯ ಜೀವಕೋಶಗಳು ಒಳಗಿನ ನೀರಿನ ಒತ್ತಡದಿಂದ ಹಿಗ್ಗುತ್ತವೆ. ಈ ಒತ್ತಡ ಸ್ವಲ್ಪ ಕುಗ್ಗಿದರೂ ಹಿಗ್ಗುವಿಕೆ ನಿಧಾನವಾಗುತ್ತದೆ. ಹೊಸ ಎಲೆ ಹೊರಬರುವುದು ತಡವಾಗುತ್ತದೆ. ಬಂದ ಎಲೆ ಚಿಕ್ಕದಾಗಿರುತ್ತದೆ. ಈ ಹಂತದಲ್ಲಿ ಎಲೆ ಬಾಡುವುದಿಲ್ಲ, ಬಣ್ಣವೂ ಕೆಡುವುದಿಲ್ಲ.

(ಆ) ಪತ್ರರಂಧ್ರಗಳು ಭಾಗಶಃ ಮುಚ್ಚುವುದು: ಒಣಗುತ್ತಿರುವ ಮಣ್ಣಿನಲ್ಲಿರುವ ಗಿಡದಲ್ಲಿ ಅಬ್ಸಿಸಿಕ್ ಆಮ್ಲವೆಂಬ ಚೋದಕದ ಪ್ರಮಾಣ ಹೆಚ್ಚಿ, ಪತ್ರರಂಧ್ರಗಳು ಮುಚ್ಚಿಕೊಳ್ಳುತ್ತವೆ. ಆವಿಯಾಗುವಿಕೆ ಕಡಿಮೆಯಾದುದರಿಂದ ಎಲೆ ತಂಪಾಗುವುದಿಲ್ಲ. ಅದರ ಉಷ್ಣತೆ ಏರುತ್ತದೆ.

(ಇ) ಎಲೆ ಸುರುಳಿ ಸುತ್ತುವುದು ಅಥವಾ ಓರೆಯಾಗುವುದು: ಭತ್ತ, ರಾಗಿ, ಮುಸುಕಿನ ಜೋಳ ಮತ್ತು ಕಬ್ಬಿನ ಎಲೆಗಳು ಸುರುಳಿ ಸುತ್ತುತ್ತವೆ. ಅಲಸಂದೆ, ಹುರುಳಿ ಮುಂತಾದವುಗಳ ಎಲೆಗಳು ಬಿಸಿಲಿಗೆ ಅಂಚು ತೋರುವಂತೆ ತಿರುಗಿಕೊಳ್ಳುತ್ತವೆ. ಬಿಸಿಲು ಬೀಳುವ ಮೇಲ್ಮೈಯನ್ನು ಕಡಿಮೆ ಮಾಡಿಕೊಳ್ಳುವ ಉಪಾಯವಿದು.

(ಈ) ಕೆಳಗಿನ ಎಲೆಗಳು ಹಳದಿಯಾಗಿ ಒಣಗುವುದು: ಸಸ್ಯವು ಹಳೆಯ ಎಲೆಗಳಲ್ಲಿರುವ ಪೋಷಕಾಂಶಗಳನ್ನು ಎಳೆಯ ಭಾಗಗಳಿಗೆ ಸಾಗಿಸಿ, ಹಳೆಯ ಎಲೆಗಳನ್ನು ತ್ಯಜಿಸುತ್ತದೆ.

(ಉ) ಶಾಶ್ವತವಾಗಿ ಬಾಡುವುದು: ಈ ಹಂತ ಮುಟ್ಟಿದ ಬೆಳೆಯು ರಾತ್ರಿಯ ತಂಪಿನಲ್ಲಿಯೂ ಚೇತರಿಸಿಕೊಳ್ಳುವುದಿಲ್ಲ.

ಹೊಲದಲ್ಲಿ ಪರೀಕ್ಷಿಸುವ ಸುಲಭ ವಿಧಾನ: ಮಧ್ಯಾಹ್ನ ಸುರುಳಿ ಸುತ್ತಿದ ಎಲೆ ಸಂಜೆಯ ವೇಳೆಗೆ ಬಿಚ್ಚಿಕೊಂಡರೆ ಕೊರತೆ ಇನ್ನೂ ಸೌಮ್ಯ ಪ್ರಮಾಣದಲ್ಲಿದೆ ಎಂದು ತಿಳಿಯಬಹುದು. ಬೆಳಿಗ್ಗೆ ಸೂರ್ಯೋದಯದ ಸಮಯದಲ್ಲಿಯೂ ಎಲೆ ಸುರುಳಿಯಾಗಿಯೇ ಇದ್ದರೆ ಕೊರತೆ ತೀವ್ರವಾಗಿದೆ ಎಂದರ್ಥ. ಇದಕ್ಕೂ ಮೊದಲೇ ತಿಳಿಯಬೇಕಾದಲ್ಲಿ ಕೆಲವು ಗಿಡಗಳನ್ನು ಗುರುತು ಮಾಡಿ, ತುದಿಯಲ್ಲಿ ಹೊರಬರುತ್ತಿರುವ ಎಲೆಯ ಉದ್ದವನ್ನು ಎರಡು ಮೂರು ದಿನಗಳಿಗೊಮ್ಮೆ ಅಳೆಯುವುದು ಸೂಕ್ತ.

5. ಮಣ್ಣಿನಲ್ಲಿರುವ ನೀರು ಎಷ್ಟು ದಿನಕ್ಕೆ ಸಾಕಾಗುತ್ತದೆ?

ಮರಳುಮಿಶ್ರಿತ ಕೆಂಪು ಮಣ್ಣು ಒಂದು ಮೀಟರ್ ಆಳದಲ್ಲಿ ಬೆಳೆಗೆ ದೊರೆಯುವಂತಹ ಸುಮಾರು 100 ಮಿ.ಮೀ. ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂದು ಇಟ್ಟುಕೊಂಡರೆ, ಬೇರು 60 ಸೆಂ.ಮೀ. ಆಳಕ್ಕೆ ಇಳಿದಿರುವ ಬೆಳೆಗೆ ದೊರೆಯುವುದು 60 ಮಿ.ಮೀ. ಮಾತ್ರ. ದಿನಕ್ಕೆ 5 ಮಿ.ಮೀ. ಖರ್ಚಾದರೆ ಆರೇ ದಿನಗಳಲ್ಲಿ ಅರ್ಧ ನೀರು ಮುಗಿಯುತ್ತದೆ. ಅನೇಕ ಬೆಳೆಗಳಲ್ಲಿ ಈ ಹಂತದ ನಂತರ ಆವಿಯಾಗುವಿಕೆ ಮತ್ತು ಆಹಾರ ತಯಾರಿಕೆ ಕುಗ್ಗುತ್ತವೆ. ಎಲೆಯ ಬೆಳವಣಿಗೆ ಅದಕ್ಕೂ ಮೊದಲೇ ನಿಧಾನವಾಗುತ್ತದೆ.

ಬೇರು 30 ಸೆಂ.ಮೀ. ಆಳದಲ್ಲಿಯೇ ನಿಂತಿದ್ದರೆ ದೊರೆಯುವ ನೀರೂ ಅರ್ಧಕ್ಕೆ ಇಳಿಯುತ್ತದೆ. ಆಳವಾದ ಉಳುಮೆ, ಕೊಟ್ಟಿಗೆ ಗೊಬ್ಬರ ಹಾಗೂ ಇಳಿಜಾರಿಗೆ ಅಡ್ಡಲಾಗಿ ಬಿತ್ತನೆ ಮಾಡುವುದರ ಮಹತ್ವ ಈ ಲೆಕ್ಕದಿಂದ ಸ್ಪಷ್ಟವಾಗುತ್ತದೆ. ಗೋಡು ಮತ್ತು ಜೇಡಿ ಅಂಶ ಹೆಚ್ಚಿರುವ ಗದ್ದೆ ಮಣ್ಣು ಇದಕ್ಕಿಂತ ಹೆಚ್ಚು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ.

6. ಬೆಳೆವಾರು ಪರಿಣಾಮಗಳು

ರಾಗಿ: ತೆಂಡೆ ಒಡೆಯುವ ಹಂತದವರೆಗೆ ರಾಗಿಯು ಕೊರತೆಯನ್ನು ಬಹುಮಟ್ಟಿಗೆ ಸಹಿಸುತ್ತದೆ. ಎಲೆ ಬೆಳವಣಿಗೆಯನ್ನು ತಡೆಹಿಡಿದು, ಮಳೆ ಬಂದ ಕೂಡಲೇ ಹೊಸ ಎಲೆಗಳನ್ನು ಹೊರಡಿಸುವ ಗುಣ ಇದಕ್ಕಿದೆ. ಆದುದರಿಂದ ಎಳೆಯ ಪೈರು ಸೊರಗಿದ ಮಾತ್ರಕ್ಕೆ ಅವಸರದಿಂದ ಹೊಲವನ್ನು ಉತ್ತು ಅಳಿಸಬಾರದು. ಹೂವಾಡುವ ಮತ್ತು ಕಾಳು ಕಟ್ಟುವ ಹಂತದ ಕೊರತೆಯನ್ನು ಮಾತ್ರ ಇದು ತಾಳುವುದಿಲ್ಲ. ಮಂಡ್ಯದ ವಿ.ಸಿ. ಫಾರಂನ ಸಂಶೋಧನಾ ಕೇಂದ್ರವು ರಾಗಿ ತಳಿ ಅಭಿವೃದ್ಧಿಗೆ ಹೆಸರಾಗಿದೆ. ಭಾರತ ಮತ್ತು ಆಫ್ರಿಕಾದ ರಾಗಿಯ ಸಂಕರಣದಿಂದ ಇಂಡಾಫ್ ತಳಿಗಳನ್ನು ರೂಪಿಸಿದ ರಾಗಿ ಲಕ್ಷ್ಮಣಯ್ಯನವರು ಇಲ್ಲಿಯೇ ಕಾರ್ಯನಿರ್ವಹಿಸಿದ್ದರು. ಮಳೆ ತಡವಾದಲ್ಲಿ ಎಂ.ಆರ್. ಸರಣಿಯ ದೀರ್ಘಾವಧಿ ತಳಿಗಳ ಬದಲಿಗೆ ಜಿ.ಪಿ.ಯು.-48 ನಂತಹ ಅಲ್ಪಾವಧಿ ತಳಿಗಳನ್ನು ಆರಿಸಿಕೊಳ್ಳುವುದು ಸೂಕ್ತ.

ಭತ್ತ: ನಿಂತ ನೀರಿಗೆ ಒಗ್ಗಿದ ಬೆಳೆಯಾದುದರಿಂದ ಮಣ್ಣು ಸ್ವಲ್ಪ ಒಣಗಿದರೂ ಎಲೆ ಬೆಳವಣಿಗೆ ಕುಗ್ಗುತ್ತದೆ. ತೆಂಡೆಗಳ ಸಂಖ್ಯೆ ಕಡಿಮೆಯಾಗುತ್ತದೆ. ಹೊಡೆ ತುಂಬುವ ಹಂತದಿಂದ ಹೂವಾಡುವವರೆಗೆ ನೀರು ತಪ್ಪಿದರೆ ತೆನೆ ಪೂರ್ಣವಾಗಿ ಹೊರಬರುವುದಿಲ್ಲ, ಜೊಳ್ಳು ಹೆಚ್ಚುತ್ತದೆ. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯವು 2007ರಲ್ಲಿ ಬಿಡುಗಡೆ ಮಾಡಿದ ಎಂ.ಎ.ಎಸ್. 946-1 ತಳಿಯು ಕೆಸರು ಮಾಡದೆ, ನೀರು ನಿಲ್ಲಿಸದೆ ಬೆಳೆಯುವ ಏರೋಬಿಕ್ ಪದ್ಧತಿಗೆ ಯೋಗ್ಯವಾಗಿದೆ.

ಕಬ್ಬು: ಮರಿ ಒಡೆಯುವ ಹಂತ ಮತ್ತು ಅದರ ನಂತರದ ಭರದ ಬೆಳವಣಿಗೆಯ ಹಂತಗಳು ಸೂಕ್ಷ್ಮವಾದವು. ಕೊರತೆಯಾದಾಗ ಎಲೆಗಳು ಗಿಡ್ಡವಾಗಿ, ಹಸಿರು ಎಲೆಗಳ ಸಂಖ್ಯೆ ಇಳಿಯುತ್ತದೆ. ಆ ಅವಧಿಯಲ್ಲಿ ಬೆಳೆದ ಗಿಣ್ಣುಗಳ ನಡುವಿನ ಅಂತರ ಕಿರಿದಾಗುತ್ತದೆ. ನಂತರ ನೀರು ದೊರೆತರೂ ಆ ಭಾಗ ಮತ್ತೆ ಉದ್ದವಾಗುವುದಿಲ್ಲ. ಕಟಾವಿನ ವೇಳೆಯಲ್ಲಿಯೂ ಒತ್ತೊತ್ತಾದ ಗಿಣ್ಣುಗಳಿಂದ ಯಾವ ಅವಧಿಯಲ್ಲಿ ನೀರು ತಪ್ಪಿತ್ತೆಂದು ಅಂದಾಜಿಸಬಹುದು.

ಹುರುಳಿ, ಅಲಸಂದೆ, ಅವರೆ: ಎಲೆ ತಿರುಗಿಸಿಕೊಂಡು, ಕೆಲವು ಎಲೆಗಳನ್ನು ಉದುರಿಸಿ ನೀರನ್ನು ಉಳಿಸುತ್ತವೆ. ಹುರುಳಿಯು ತಡವಾದ ಬಿತ್ತನೆಗೂ ಹೊಂದಿಕೊಳ್ಳುತ್ತದೆ. ಹೂವು ಮತ್ತು ಕಾಯಿ ಕಟ್ಟುವ ಹಂತದಲ್ಲಿ ಕೊರತೆಯಾದರೆ ಹೂವು ಉದುರುತ್ತದೆ.

ಹಿಪ್ಪುನೇರಳೆ: ಇದರಲ್ಲಿ ಎಲೆಯೇ ಫಸಲು. ಆದುದರಿಂದ ಎಲೆ ಬೆಳವಣಿಗೆ ಕುಂಠಿತವಾದ ದಿನದಿಂದಲೇ ನಷ್ಟ ಆರಂಭವಾಗುತ್ತದೆ. ರೇಷ್ಮೆ ಹುಳು ತನಗೆ ಬೇಕಾದ ನೀರನ್ನು ಸೊಪ್ಪಿನಿಂದಲೇ ಪಡೆಯುತ್ತದೆ. ತೇವಾಂಶ ಕಡಿಮೆಯಾಗಿ ಒರಟಾದ ಸೊಪ್ಪನ್ನು ತಿಂದ ಹುಳುಗಳ ಬೆಳವಣಿಗೆಯೂ ಗೂಡಿನ ತೂಕವೂ ಕುಗ್ಗುತ್ತವೆ. ನೀರಾವರಿಗೆ ವಿ-1 ತಳಿ ಹಾಗೂ ಮಳೆಯಾಶ್ರಿತ ಕೆಂಪು ಮಣ್ಣಿಗೆ ಎಸ್-13 ತಳಿ ಸೂಕ್ತ. ಕೊರತೆಯ ಕಾಲದಲ್ಲಿ ತೋಟದಲ್ಲಿರುವ ಸೊಪ್ಪನ್ನು ಅಂದಾಜಿಸಿ, ಅದಕ್ಕೆ ತಕ್ಕಂತೆ ಮೊಟ್ಟೆಗಳ ಸಂಖ್ಯೆಯನ್ನು ಇಳಿಸಿ ಚಾಕಿ ಮಾಡತಕ್ಕದ್ದು.

ತೆಂಗು: ಆರೋಗ್ಯವಂತ ಮರವು ವರ್ಷಕ್ಕೆ 12 ರಿಂದ 14 ಗರಿಗಳನ್ನು ಬಿಡುತ್ತದೆ. ಪ್ರತಿ ಗರಿಯ ಕಂಕುಳಲ್ಲಿ ಒಂದು ಹೊಂಬಾಳೆ ಮೂಡುತ್ತದೆ. ಹೊಂಬಾಳೆಯ ಮೊಗ್ಗು ಅದು ಅರಳುವುದಕ್ಕೆ ಎರಡು ವರ್ಷಗಳಿಗೂ ಮುಂಚೆಯೇ ರೂಪುಗೊಂಡಿರುವುದರಿಂದ ಒಂದು ಬರದ ಪರಿಣಾಮವು ಮುಂದಿನ ಎರಡು ಮೂರು ವರ್ಷಗಳವರೆಗೆ ಇಳುವರಿಯಲ್ಲಿ ಕಾಣಿಸುತ್ತದೆ. ಮಳೆ ಬಂದು ತೋಟ ಹಸಿರಾದ ಮೇಲೆಯೂ ಕಾಯಿ ಕಡಿಮೆಯಾಗಲು ಇದೇ ಕಾರಣ.

7. ರೈತರು ಕೈಗೊಳ್ಳಬೇಕಾದ ಕ್ರಮಗಳು

1. ಮಳೆ ನಿಂತ ಮೊದಲ ವಾರದಲ್ಲಿಯೇ ಎಡೆಕುಂಟೆ ಹಾಯಿಸಿ ಕಳೆ ತೆಗೆಯುವುದು. ಕಳೆಯ ಎಲೆಯೂ ಬೆಳೆಯಷ್ಟೇ ನೀರನ್ನು ಹೊರಹಾಕುತ್ತದೆ. ಸಡಿಲವಾದ ಮೇಲ್ಮಣ್ಣು ತೇವ ಆರುವುದನ್ನು ತಡೆಯುತ್ತದೆ.

2. ದಟ್ಟವಾಗಿ ಬೆಳೆದ ರಾಗಿ ಮತ್ತು ಮುಸುಕಿನ ಜೋಳದ ಹೆಚ್ಚುವರಿ ಪೈರುಗಳನ್ನು ಕೀಳುವುದು. ಇದರಿಂದ ಹೊಲದ ಒಟ್ಟು ಎಲೆಯ ಹರವು ಇಳಿದು, ಉಳಿದ ಪೈರುಗಳಿಗೆ ಹೆಚ್ಚು ದಿನ ನೀರು ದೊರೆಯುತ್ತದೆ.

3. ಕಬ್ಬಿನ ತರಗನ್ನು ಸುಡದೆ ಸಾಲುಗಳ ನಡುವೆ ಹೊದಿಕೆಯಾಗಿ ಹರಡುವುದು. ತೆಂಗಿನ ಬುಡಕ್ಕೆ ಗರಿ ಮತ್ತು ಸಿಪ್ಪೆಗಳ ಹೊದಿಕೆ ನೀಡುವುದು.

4. ಭತ್ತದ ಗದ್ದೆಯಲ್ಲಿ ಸುಮಾರು 30 ಸೆಂ.ಮೀ. ಉದ್ದದ ರಂಧ್ರವಿರುವ ಕೊಳವೆಯನ್ನು ಹೂತು, ಅದರೊಳಗಿನ ನೀರಿನ ಮಟ್ಟ ಮಣ್ಣಿನ ಮೇಲ್ಮೈಯಿಂದ 15 ಸೆಂ.ಮೀ. ಕೆಳಗೆ ಇಳಿದ ನಂತರವೇ ಮತ್ತೆ ನೀರು ಹಾಯಿಸುವುದು. ಹೂವಾಡುವ ಸಮಯದಲ್ಲಿ ಮಾತ್ರ ಗದ್ದೆಯಲ್ಲಿ ತೆಳುವಾಗಿ ನೀರು ನಿಲ್ಲಿಸತಕ್ಕದ್ದು.

5. ಕೃಷಿ ಹೊಂಡದ ನೀರನ್ನು ಬೆಳೆ ಪೂರ್ಣ ಬಾಡಿದ ಮೇಲೆ ನೀಡುವುದರಿಂದ ಪ್ರಯೋಜನ ಅಲ್ಪ. ಎಲೆ ಸಂಜೆಗೆ ಬಿಚ್ಚಿಕೊಳ್ಳುತ್ತಿರುವಾಗಲೇ, ವಿಶೇಷವಾಗಿ ಹೂವಾಡುವ ಹಂತಕ್ಕೆ, ಸಂರಕ್ಷಣಾ ನೀರಾವರಿಯಾಗಿ ಬಳಸುವುದು. ಒಂದು ಎಕರೆಗೆ 25 ಮಿ.ಮೀ. ನೀರು ನೀಡಲು ಸುಮಾರು ಒಂದು ಲಕ್ಷ ಲೀಟರ್ ಬೇಕಾಗುತ್ತದೆ. ಅಷ್ಟು ಇಲ್ಲದಿದ್ದಲ್ಲಿ ಇಡೀ ಹೊಲಕ್ಕೆ ಚಿಮುಕಿಸುವ ಬದಲು ಒಂದು ಭಾಗವನ್ನು ಉಳಿಸಿಕೊಳ್ಳುವುದು ಲೇಸು.

6. ಒಣಗಿದ ಮಣ್ಣಿಗೆ ಯೂರಿಯಾ ಮೇಲುಗೊಬ್ಬರ ನೀಡಬಾರದು. ಮಳೆಯಾಗಿ ಮಣ್ಣು ಹಸಿಯಾದ ನಂತರ ಮೇಲುಗೊಬ್ಬರ ನೀಡಿದಲ್ಲಿ ಹೊಸ ಎಲೆಗಳು ಬೇಗ ಬರುತ್ತವೆ.

7. ಎಚ್ಚರಿಕೆ: ತೇವಾಂಶ ಕೊರತೆಯಿಂದ ಸೊರಗಿದ ಎಳೆಯ ಜೋಳದ ಪೈರಿನಲ್ಲಿ ಹೈಡ್ರೋಸಯನಿಕ್ ಆಮ್ಲವೆಂಬ ವಿಷದ ಅಂಶ ಹೆಚ್ಚಿರುತ್ತದೆ. ಇಂತಹ ಪೈರನ್ನು ಹಸಿಯಾಗಿ ಮೇಯಿಸಿದರೆ ಜಾನುವಾರುಗಳು ಸಾಯುವ ಸಂಭವವಿದೆ. ಮಳೆಯ ನಂತರ ಚಿಗುರುವ ಕೂಳೆ ಜೋಳಕ್ಕೂ ಇದು ಅನ್ವಯಿಸುತ್ತದೆ.

8. ಬರವನ್ನು ನಿರ್ಧರಿಸುವ ವಿಧಾನ

ಕೇಂದ್ರ ಸರ್ಕಾರದ 2016ರ ಬರ ನಿರ್ವಹಣಾ ಕೈಪಿಡಿಯ ಪ್ರಕಾರ ಮೊದಲು ಮಳೆಯ ಕೊರತೆ ಮತ್ತು ಸತತ ಒಣ ಹವೆಯ ಅವಧಿಯನ್ನು ಪರಿಶೀಲಿಸಲಾಗುತ್ತದೆ. ಮೂರರಿಂದ ನಾಲ್ಕು ವಾರಗಳ ಕಾಲ ಪ್ರತಿ ವಾರವೂ ವಾಡಿಕೆಯ ಅರ್ಧಕ್ಕಿಂತ ಕಡಿಮೆ ಮಳೆಯಾದಲ್ಲಿ ಅದನ್ನು ಒಣ ಅವಧಿ ಎಂದು ಪರಿಗಣಿಸಲಾಗುತ್ತದೆ. ನಂತರ ಬಿತ್ತನೆ ಪ್ರದೇಶ, ಉಪಗ್ರಹ ಆಧಾರಿತ ಹಸಿರು ಸೂಚ್ಯಂಕ, ಮಣ್ಣಿನ ತೇವಾಂಶ, ಜಲಾಶಯ ಹಾಗೂ ಅಂತರ್ಜಲದ ಮಟ್ಟಗಳನ್ನು ನೋಡಲಾಗುತ್ತದೆ. ಕೊನೆಯಲ್ಲಿ ಆಯ್ದ ಗ್ರಾಮಗಳಲ್ಲಿ ಸ್ಥಳ ಪರಿಶೀಲನೆ ನಡೆಯುತ್ತದೆ.

ಇಲ್ಲಿ ಎರಡು ಅಂಶಗಳು ಗಮನಾರ್ಹ. ಮೊದಲನೆಯದಾಗಿ, ಕೆಂಪು ಮಣ್ಣಿನ ಹೊಲದಲ್ಲಿ ಒಂದು ವಾರದಲ್ಲಿಯೇ ಎಲೆ ಬೆಳವಣಿಗೆ ಕುಗ್ಗಬಹುದು. ಆದರೆ ಒಣ ಅವಧಿಯ ನಿರ್ಧಾರಕ್ಕೆ ಕನಿಷ್ಠ ಮೂರು ವಾರಗಳು ಬೇಕು. ಆದುದರಿಂದ ಬೆಳೆ ರಕ್ಷಣೆಯ ಕ್ರಮಗಳಿಗೆ ಬರ ಘೋಷಣೆಯನ್ನು ಕಾಯಬಾರದು. ಎರಡನೆಯದಾಗಿ, ಉಪಗ್ರಹವು ತೆಂಗು, ಕಬ್ಬು ಮತ್ತು ಮರಗಿಡಗಳ ಹಸಿರನ್ನೂ ನೋಡುತ್ತದೆ. ನಾಲೆಯ ಪಕ್ಕದ ಹಸಿರಿನ ನಡುವೆ ಒಣಗಿದ ರಾಗಿ ಹೊಲ ಪ್ರತ್ಯೇಕವಾಗಿ ಕಾಣದಿರಬಹುದು. ಸ್ಥಳ ಪರಿಶೀಲನೆಯ ಸಮಯದಲ್ಲಿ ರೈತರು ಹಾಜರಿದ್ದು ಬೆಳೆಯ ಸ್ಥಿತಿಯನ್ನು ತೋರಿಸುವುದು ಈ ಕಾರಣದಿಂದ ಮುಖ್ಯ.

9. ಪರಿಹಾರ ಮತ್ತು ವಿಮೆ ಪಡೆಯಲು ಗಮನಿಸಬೇಕಾದ ಅಂಶಗಳು

ಬೆಳೆ ನಷ್ಟವು ಶೇ. 33 ಅಥವಾ ಅದಕ್ಕಿಂತ ಹೆಚ್ಚಾಗಿದ್ದಲ್ಲಿ ವಿಪತ್ತು ಪರಿಹಾರ ನಿಧಿಯಿಂದ ಇನ್‌ಪುಟ್ ಸಬ್ಸಿಡಿಗೆ ಅರ್ಹತೆ ದೊರೆಯುತ್ತದೆ. 2022ರಿಂದ 2026ರ ಅವಧಿಗೆ ನಿಗದಿಯಾದ ಮಾನದಂಡದಂತೆ ಪ್ರತಿ ಹೆಕ್ಟೇರ್‌ಗೆ ದರಗಳು ಈ ಕೆಳಕಂಡಂತಿವೆ. ಇವು ಗರಿಷ್ಠ 2 ಹೆಕ್ಟೇರ್‌ಗೆ ಸೀಮಿತ.

ಮಳೆಯಾಶ್ರಿತ ಬೆಳೆ: ರೂ. 8,500
ನೀರಾವರಿ ಬೆಳೆ: ರೂ. 17,000
ಬಹುವಾರ್ಷಿಕ ಬೆಳೆ: ರೂ. 22,500

ಪರಿಹಾರದ ಮೊತ್ತವನ್ನು ಬೆಳೆ ಸಮೀಕ್ಷೆಯ ದತ್ತಾಂಶದ ಆಧಾರದ ಮೇಲೆ ನೇರವಾಗಿ ಬ್ಯಾಂಕ್ ಖಾತೆಗೆ ಜಮೆ ಮಾಡಲಾಗುತ್ತದೆ. ಆದ್ದರಿಂದ ಈ ಕೆಳಕಂಡವುಗಳನ್ನು ಹಂಗಾಮಿನ ಆರಂಭದಲ್ಲಿಯೇ ಖಚಿತಪಡಿಸಿಕೊಳ್ಳತಕ್ಕದ್ದು.

1. ಫ್ರೂಟ್ಸ್ ತಂತ್ರಾಂಶದಲ್ಲಿ ರೈತರ ಗುರುತಿನ ಸಂಖ್ಯೆ ಪಡೆದಿರುವುದು ಹಾಗೂ ಎಲ್ಲಾ ಸರ್ವೆ ನಂಬರುಗಳು ಅದರಲ್ಲಿ ಸೇರಿರುವುದು. ಒಂದು ಸರ್ವೆ ನಂಬರ್ ಬಿಟ್ಟುಹೋಗಿದ್ದರೂ ಆ ಜಮೀನಿನ ಪರಿಹಾರ ಕೈತಪ್ಪಬಹುದು.

2. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರುವುದು.

3. ಬೆಳೆ ಸಮೀಕ್ಷೆಯಲ್ಲಿ ಬೆಳೆಯ ಹೆಸರು, ವಿಸ್ತೀರ್ಣ, ಮಿಶ್ರ ಬೆಳೆ ಮತ್ತು ನೀರಾವರಿ ವಿವರ ಸರಿಯಾಗಿ ದಾಖಲಾಗಿರುವುದು. ರಾಗಿ ಹೊಲ ಬೀಳು ಎಂದು ದಾಖಲಾದಲ್ಲಿ ಪರಿಹಾರಕ್ಕೂ ವಿಮೆಗೂ ತೊಂದರೆಯಾಗುತ್ತದೆ. ದಾಖಲಾದ ವಿವರವನ್ನು ಬೆಳೆ ದರ್ಶಕ ಆ್ಯಪ್‌ನಲ್ಲಿ ನೋಡಿ, ತಪ್ಪಿದ್ದರೆ ನಿಗದಿತ ಅವಧಿಯೊಳಗೆ ಆಕ್ಷೇಪಣೆ ಸಲ್ಲಿಸಬಹುದು.

4. ಖಾತೆದಾರರು ಮೃತರಾಗಿದ್ದಲ್ಲಿ ಪೌತಿ ಖಾತೆ ಮಾಡಿಸಿಕೊಂಡಿರುವುದು.

ಬೆಳೆ ವಿಮೆ: ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಡಿ ರೈತರ ವಂತಿಗೆಯು ವಿಮಾ ಮೊತ್ತದ ಮೇಲೆ ಮುಂಗಾರು ಆಹಾರ ಮತ್ತು ಎಣ್ಣೆಕಾಳು ಬೆಳೆಗಳಿಗೆ ಶೇ. 2, ಹಿಂಗಾರು ಬೆಳೆಗಳಿಗೆ ಶೇ. 1.5 ಹಾಗೂ ವಾರ್ಷಿಕ ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗಳಿಗೆ ಶೇ. 5ರವರೆಗೆ ಇರುತ್ತದೆ. ಬರದಿಂದಾದ ನಷ್ಟವನ್ನು ಅಧಿಸೂಚಿತ ಘಟಕದ ಸರಾಸರಿ ಇಳುವರಿಯ ಮೇಲೆ ನಿರ್ಧರಿಸಲಾಗುತ್ತದೆಯೇ ಹೊರತು ಒಬ್ಬ ರೈತರ ಹೊಲದ ಮೇಲೆ ಅಲ್ಲ. 72 ಗಂಟೆಗಳೊಳಗೆ ದೂರು ನೀಡುವ ನಿಯಮವು ಆಲಿಕಲ್ಲು ಮಳೆ, ಭೂಕುಸಿತ ಮುಂತಾದ ಸ್ಥಳೀಯ ವಿಕೋಪಗಳಿಗೆ ಸಂಬಂಧಿಸಿದ್ದು, ಬರಕ್ಕೆ ಅನ್ವಯಿಸುವುದಿಲ್ಲ. ಹಂಗಾಮಿನ ಮಧ್ಯದಲ್ಲಿಯೇ ನಿರೀಕ್ಷಿತ ಇಳುವರಿಯು ಪ್ರಾರಂಭಿಕ ಇಳುವರಿಯ ಅರ್ಧಕ್ಕಿಂತ ಕೆಳಗಿಳಿಯುವುದೆಂದು ಕಂಡುಬಂದಲ್ಲಿ ಸಂಭವನೀಯ ಪರಿಹಾರದ ಶೇ. 25ರಷ್ಟನ್ನು ಮುಂಗಡವಾಗಿ ನೀಡಲು ಅವಕಾಶವಿದೆ.

10. ಸಂಪರ್ಕ

ಹೆಚ್ಚಿನ ಮಾಹಿತಿಗೆ ಆಯಾ ಹೋಬಳಿಯ ರೈತ ಸಂಪರ್ಕ ಕೇಂದ್ರ ಅಥವಾ ತಾಲ್ಲೂಕಿನ ಸಹಾಯಕ ಕೃಷಿ ನಿರ್ದೇಶಕರ ಕಚೇರಿಯನ್ನು ಸಂಪರ್ಕಿಸುವುದು. ತೆಂಗಿಗೆ ತೋಟಗಾರಿಕೆ ಇಲಾಖೆ, ಹಿಪ್ಪುನೇರಳೆಗೆ ರೇಷ್ಮೆ ಇಲಾಖೆ, ಪಹಣಿ ಹಾಗೂ ಪರಿಹಾರದ ವಿಷಯಕ್ಕೆ ಗ್ರಾಮ ಆಡಳಿತ ಅಧಿಕಾರಿ ಅಥವಾ ತಹಶೀಲ್ದಾರರ ಕಚೇರಿಯನ್ನು ಕಾಣಬಹುದು. ಕಿಸಾನ್ ಕಾಲ್ ಸೆಂಟರ್‌ನ ಉಚಿತ ದೂರವಾಣಿ ಸಂಖ್ಯೆ 1800-180-1551.

ಕಚೇರಿಗೆ ಬರುವಾಗ ಪಹಣಿ, ಆಧಾರ್, ಬ್ಯಾಂಕ್ ಪಾಸ್ ಪುಸ್ತಕ ಮತ್ತು ರೈತರ ಗುರುತಿನ ಸಂಖ್ಯೆಯೊಂದಿಗೆ ಬಿತ್ತನೆಯ ದಿನಾಂಕ, ಕೊನೆಯ ಮಳೆಯ ದಿನಾಂಕ ಹಾಗೂ ಎಲೆ ಸುರುಳಿ ಸುತ್ತಲು ಆರಂಭಿಸಿದ ದಿನಾಂಕವನ್ನು ಬರೆದು ತಂದಲ್ಲಿ ಸೂಕ್ತ ಸಲಹೆ ನೀಡಲು ಅನುಕೂಲವಾಗುತ್ತದೆ.